ಲೇಬಲ್ ಇಲ್ಲದ ಕ್ಯಾಪ್ಸೂಲ್ ನುಂಗುವ ಮೊದಲು ಇದನ್ನು ಓದಿ

ಅರೆತಲೆನೋವು ಇರುವವರು, ಅದರಲ್ಲೂ ಸಿಂಗಪುರ, ಮಲೇಷ್ಯಾ ಕಡೆ ಇರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನಗೆ ಮೈಗ್ರೇನ್ ಶುರುವಾಗಿ 14 ವರ್ಷ. ತಿಂಗಳಿಗೆ ಆರೇಳು ಸಲ ಬರುತ್ತಿತ್ತು. ಬಂತೆಂದರೆ ಎಡಗಣ್ಣಿನ ಹಿಂದೆ ಸುತ್ತಿಗೆ ಏಟು, ಒಗ್ಗರಣೆ ವಾಸನೆ ಬಡಿದರೂ ವಾಂತಿ. ಸಿಂಗಪುರಕ್ಕೆ ಬಂದ ಮೇಲೆ ಗೆಳತಿಯೊಬ್ಬಳು ಚೀನೀ ಗಿಡಮೂಲಿಕೆ ಔಷಧಿ ಕೊಡುವವರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಅವರು ಎರಡೂ ಕೈಯ ನಾಡಿ ಹಿಡಿದರು. ನಾಲಿಗೆ ನೋಡಿದರು. ಲಿವರಿನ ಕಾವು ತಲೆಗೆ ಏರಿದೆ ಎಂದರು. ನಮ್ಮಜ್ಜಿ ‘ಪಿತ್ತ ನೆತ್ತಿಗೇರಿದೆ’ ಎನ್ನುತ್ತಿದ್ದರು, ಅದೇ ನೆನಪಾಯಿತು. ನಂಬಿಕೆ ಅಲ್ಲೇ ಹುಟ್ಟಿತು.

ಕಷಾಯಕ್ಕೆ ಚುವಾನ್‌ಶಿಯೋಂಗ್ ಬೇರು, ಟಿಯಾನ್‌ಮಾ ಗೆಡ್ಡೆ ಕೊಟ್ಟರು. ಚೀನಾದಲ್ಲಿ ತಲೆನೋವಿಗೆ ನೂರಾರು ವರ್ಷದಿಂದ ಬಳಸುತ್ತಿರುವ ಮೂಲಿಕೆಗಳಿವು. ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಕಂದು ಪುಡಿಯ ಕ್ಯಾಪ್ಸೂಲ್. ಡಬ್ಬದ ಮೇಲೆ ಒಂದಕ್ಷರವೂ ಇರಲಿಲ್ಲ. ಕೇಳಿದ್ದಕ್ಕೆ ‘ಎಲ್ಲಾ ಬೇರು ನಾರು, ಸೈಡ್ ಎಫೆಕ್ಟ್ ಇಲ್ಲ’ ಎಂದರು.

ಎರಡೇ ದಿನಕ್ಕೆ ನೋವು ಮಾಯ! ಮೂರು ತಿಂಗಳು ಒಂದು ಸಲವೂ ಬರಲಿಲ್ಲ. ನಾನು ಎಚ್ಚೆತ್ತುಕೊಳ್ಳಬೇಕಿದ್ದದ್ದು ಆಗಲೇ. ಅಷ್ಟು ವರ್ಷದ ನೋವು ಅಷ್ಟು ಬೇಗ ಹೋಗುತ್ತದಾ? ಹಸಿವು ಜಾಸ್ತಿಯಾಯಿತು. ಮುಖ ದುಂಡಗಾಯಿತು. ರಾತ್ರಿ ನಿದ್ದೆ ಇಲ್ಲ. ‘ಆರೋಗ್ಯ ಸುಧಾರಿಸಿದೆ, ಮೈ ತುಂಬಿಕೊಂಡಿದ್ದೀಯ’ ಎಂದು ಎಲ್ಲರೂ ಹೇಳಿದರು, ನಾನೂ ಹಾಗೇ ಅಂದುಕೊಂಡೆ.

ರಜೆಗೆ ಶಿವಮೊಗ್ಗಕ್ಕೆ ಹೋದಾಗ ಹೊಸ ಡಬ್ಬದ ಕ್ಯಾಪ್ಸೂಲ್ ಸಿಂಗಪುರದ ಮನೆಯಲ್ಲೇ ಉಳಿಯಿತು. ಬ್ಯಾಗಿನಲ್ಲಿದ್ದ ಹಳೇ ಡಬ್ಬದಲ್ಲಿ ಇದ್ದದ್ದು ನಾಲ್ಕೇ. ಅದು ಮುಗಿದ ಮೂರನೇ ದಿನ ಏಳಲು ಆಗಲಿಲ್ಲ. ವಾಂತಿ, ತಲೆಸುತ್ತು. ಬಚ್ಚಲುಮನೆಯಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ಬಿಪಿ ತುಂಬಾ ಕಡಿಮೆ ಇತ್ತು. ಡಾಕ್ಟರು ಯಾವ ಔಷಧಿ ತಗೊಳ್ತೀರಿ ಎಂದು ಎರಡು ಸಲ ಕೇಳಿದರು. ಎರಡು ಸಲವೂ ‘ಏನೂ ಇಲ್ಲ’ ಎಂದೆ. ಸುಳ್ಳು ಹೇಳಿದ್ದಲ್ಲ, ಬೇರು ನಾರು ನನ್ನ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ. ಕೊನೆಗೆ ಅಮ್ಮ ಬ್ಯಾಗಿನಿಂದ ಖಾಲಿ ಡಬ್ಬ ತಂದು ಮೇಜಿನ ಮೇಲಿಟ್ಟರು. ನನ್ನ ಮುಖ, ಆ ಡಬ್ಬ ಎರಡನ್ನೂ ನೋಡಿ ಡಾಕ್ಟರು ಕಾರ್ಟಿಸಾಲ್ (ಬಿಪಿ ಕಾಪಾಡಲು ದೇಹವೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನು) ಪರೀಕ್ಷೆ ಬರೆದುಕೊಟ್ಟರು.

ಸಿಂಗಪುರದ ಮನೆಯಲ್ಲಿ ಉಳಿದಿದ್ದ ಕ್ಯಾಪ್ಸೂಲ್ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಬಿಡದ ಮೈಗ್ರೇನ್‌ಗೆ ಡಾಕ್ಟರುಗಳೂ ಒಮ್ಮೊಮ್ಮೆ ಕೊಡುವ ಔಷಧಿಯೇ ಅದು, ಆದರೆ ಸ್ವಲ್ಪ ದಿನಕ್ಕೆ, ಲೆಕ್ಕ ಇಟ್ಟು. ತಿಂಗಳುಗಟ್ಟಲೆ ತಿಂದರೆ ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ನನ್ನ ಗ್ರಂಥಿ ಚೇತರಿಸಿಕೊಳ್ಳಲು ಏಳು ತಿಂಗಳು ಬೇಕಾಯಿತು. ಮೈಗ್ರೇನ್ ಅಂತೂ ವಾಪಸ್ ಬಂದಿದೆ.

ಚೀನೀ ವೈದ್ಯವನ್ನೇ ಬೈಯಲು ಇದನ್ನು ಬರೆಯುತ್ತಿಲ್ಲ. ಸಿಂಗಪುರದಲ್ಲಿ ಅದಕ್ಕೆ ನೋಂದಾಯಿತ ವೈದ್ಯರಿದ್ದಾರೆ, ಹೆಸರನ್ನು ಪಟ್ಟಿಯಲ್ಲಿ ನೋಡಬಹುದು. ನಾನು ನೋಡಲಿಲ್ಲ. ಕದ್ದು ಸ್ಟೀರಾಯ್ಡ್ ಬೆರೆಸಿದ ಇಂಥ ಔಷಧಿಗಳ ಬಗ್ಗೆ ಅಲ್ಲಿನ ಸರ್ಕಾರಿ ಔಷಧಿ ನಿಯಂತ್ರಣ ಸಂಸ್ಥೆ ಎಚ್‌ಎಸ್‌ಎ ಆಗಾಗ ಎಚ್ಚರಿಕೆ ಕೊಡುತ್ತದೆ, ಅದನ್ನೂ ಓದಿರಲಿಲ್ಲ. ಬೆರಕೆ ಇಲ್ಲದಿದ್ದರೂ ಎಲ್ಲ ಬೇರೂ ಒಳ್ಳೆಯದಲ್ಲ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಬೇರು ಸೇರಿಹೋಗಿ, ತೂಕ ಇಳಿಸಲು ಹೋದ ಎಷ್ಟೋ ಹೆಂಗಸರ ಕಿಡ್ನಿ ಕೆಟ್ಟಿತು. ನಮ್ಮ ಈಶ್ವರಿ ಬಳ್ಳಿ ಇದೇ ಜಾತಿಯದು.

ನೀವು ಈಗಾಗಲೇ ಇಂಥ ಕ್ಯಾಪ್ಸೂಲ್ ತಿನ್ನುತ್ತಿದ್ದರೆ ಹೆದರಿ ಇವತ್ತೇ ಬಿಟ್ಟುಬಿಡಬೇಡಿ. ಡಬ್ಬ ಎಸೆಯಬೇಡಿ. ಅದನ್ನೇ ಕೈಯಲ್ಲಿ ಹಿಡಿದುಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗಿ, ಎಷ್ಟು ದಿನದಿಂದ ತಿಂತಿದ್ದೀರಿ ಅಂತ ಮುಚ್ಚಿಡದೆ ಹೇಳಿ.