ಹೊರಗಿಂದ ಮನೆ ಕಂಪ್ಯೂಟರ್‌ಗೆ: ವೈರ್‌ಗಾರ್ಡ್, ಓಪನ್‌ವಿಪಿಎನ್, ಟೇಲ್‌ಸ್ಕೇಲ್ ಮೂರನ್ನೂ ಓಡ್ಸಿ ನೋಡ್ದೆ

ಮೂರೂ ವಿಪಿಎನ್, ಅಂದ್ರೆ ಇಂಟರ್ನೆಟ್ ಮೇಲೆ ಮನೆಗೆ ಗುಟ್ಟಾದ ಸುರಂಗ ಹಾಕೋ ಸಾಫ್ಟ್‌ವೇರು. ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ವೈರ್‌ಗಾರ್ಡ್‌ಗೇ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ವಿಪಿಎನ್ ಅಂತ ಇತ್ತು ಅಂತ ಒಂದು ರೂಟರ್ ತಗೊಂಡೆ, ಬಿಚ್ಚಿ ಮೆನು ನೋಡಿದ್ರೆ ಒಳಗಿದ್ದಿದ್ದು ಬರೀ ಪಿಪಿಟಿಪಿ ಅನ್ನೋ ಹಳೇ ವಿಪಿಎನ್ ವಿಧಾನ. ಅದರ ಲಾಗಿನ್ ವಿಧಾನನ ಒಡೀಬಹುದು ಅಂತ 2012ರಲ್ಲೇ ತೋರ್ಸಿ ಆಗಿದೆ. ಮತ್ತೆ ದುಡ್ಡು ಸುರಿಯೋ ಮನಸ್ಸಿರ್ಲಿಲ್ಲ, ಮೂಲೇಲಿ ಧೂಳು ಹಿಡಿದಿದ್ದ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಕೊಂಡು ಕೂತೆ.

ಓಪನ್‌ವಿಪಿಎನ್‌ಗೆ ಸರ್ಟಿಫಿಕೇಟ್ (ಗುರುತಿನ ಚೀಟಿ ಥರದ ಫೈಲು) ಮಾಡೋದ್ರಲ್ಲೇ ನನ್ನ ಅರ್ಧ ಸಂಜೆ ಹೋಯ್ತು. ಆದ್ರೆ ಟಿಸಿಪಿ 443ರಲ್ಲಿ (ವೆಬ್‌ಸೈಟ್‌ಗಳು ಬಳಸೋ ದಾರಿ) ಓಡ್ಸಿದ್ರೆ ಯುಡಿಪಿ (ಡೇಟಾ ಕಳ್ಸೋ ಇನ್ನೊಂದು ವಿಧಾನ) ಬ್ಲಾಕ್ ಮಾಡಿರೋ ಎಷ್ಟೋ ವೈಫೈಗಳಲ್ಲೂ ನುಸುಳ್ಕೊಂಡು ಹೋಗುತ್ತೆ, ವೈರ್‌ಗಾರ್ಡ್ ಕೈಲಿ ಅದಾಗಲ್ಲ, ಅದು ಬರೀ ಯುಡಿಪಿ.

ವೈರ್‌ಗಾರ್ಡ್ ಅಂದ್ರೆ ಎರಡೂ ಕಡೆ ಒಂದೊಂದು ಜೊತೆ ಕೀ, ಹತ್ತು ಹನ್ನೆರಡು ಸಾಲಿನ ಫೈಲು, ರೂಟರಲ್ಲಿ 51820 ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದಿದ್ದನ್ನ ಆ ಲ್ಯಾಪ್‌ಟಾಪ್‌ಗೆ ಕಳ್ಸೋ ಸೆಟ್ಟಿಂಗ್), ಮುಗೀತು. 2020ರಿಂದ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೇ ಇದೆ. ಮೂಗ ಮಾತ್ರ. ಕೀ ತಪ್ಪಿದ್ರೂ ಎರರ್ ಇಲ್ಲ, ಫೋನಲ್ಲಿ ಆನ್ ಅಂತಾನೇ ತೋರ್ಸುತ್ತೆ. ಅದಕ್ಕೆ ಹ್ಯಾಂಡ್‌ಶೇಕ್ (ಎರಡೂ ಕಡೆ ಒಂದನ್ನೊಂದು ಗುರುತಿಸೋದು) ಯಾವಾಗ ಆಯ್ತು ಅನ್ನೋ ಸಾಲು ಇದೆಯಾ ಅಂತ ನೋಡ್ಬೇಕು. ಇಲ್ಲ ಅಂದ್ರೆ ಕೀ, ಪೋರ್ಟು, ಫೈರ್‌ವಾಲ್, ಈ ಮೂರರಲ್ಲಿ ಒಂದು ಕೈ ಕೊಟ್ಟಿದೆ ಅಂತ ಹುಡುಕೋದು.

ನನಗೆ ಹ್ಯಾಂಡ್‌ಶೇಕ್ ಆಯ್ತು, ಪಿಂಗ್‌ಗೆ (ಇದೀಯಾ ಅಂತ ಕೇಳೋ ಪ್ಯಾಕೆಟ್) ಉತ್ರ ಬಂತು, ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡೋ ದಾರಿ) ಲಾಗಿನ್ನೂ ಆಯ್ತು, ಸಣ್ಣಪುಟ್ಟ ಕಮಾಂಡಿಗೆ ಉತ್ರ ಬರ್ತಿತ್ತು, ಆದ್ರೆ ದೊಡ್ಡ ಫೋಲ್ಡರಿನ ಪಟ್ಟಿ ಕೇಳಿದ ತಕ್ಷಣ ಕರ್ಸರ್ ಅಲ್ಲೇ ಮಿಣಮಿಣ ಅಂತ ನಿಂತ್ಬಿಡ್ತಿತ್ತು. ಎರಡು ದಿನ ಫೈರ್‌ವಾಲನ್ನ ಬೈದೆ, ಕೀ ಬದಲಾಯಿಸ್ದೆ, ಲ್ಯಾಪ್‌ಟಾಪ್‌ಗೇ ವಯಸ್ಸಾಯ್ತೇನೋ ಅಂತ ಅನುಮಾನ ಪಟ್ಟೆ.

ಕೊನೆಗೆ ನೋಡಿದ್ರೆ ಎಂಟಿಯು, ಅಂದ್ರೆ ಒಂದೇ ಸಲ ಹೋಗ್ಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ. ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420 ಬೈಟ್ ಇರುತ್ತೆ, ನನ್ನ ಮೊಬೈಲ್ ಹಾಟ್‌ಸ್ಪಾಟ್ ದಾರೀಲಿ ಅಷ್ಟು ದಪ್ಪ ಪ್ಯಾಕೆಟ್ ತೂರ್ತಿರ್ಲಿಲ್ಲ. ತುಂಡು ಮಾಡ್ಬೇಡ ಅನ್ನೋ ಆಯ್ಕೆ ಹಾಕಿ 1392 ಬೈಟಿನ ಪಿಂಗ್ ಬಿಟ್ಟೆ, ಸದ್ದಿಲ್ಲ. 1252ಕ್ಕೆ ಇಳಿಸ್ದೆ, ಟಪಟಪ ಬಂತು. ಅದಕ್ಕೆ ಹೆಡರ್‌ದು 28 ಸೇರ್ಸಿದ್ರೆ 1280. ಎರಡೂ ಕಡೆ ಎಂಟಿಯು 1280 ಅಂತ ಒಂದು ಸಾಲು ಸೇರ್ಸಿದ್ಮೇಲೆ ಇವತ್ತಿನವರೆಗೂ ನಿಂತಿಲ್ಲ.

ಟೇಲ್‌ಸ್ಕೇಲ್ ಒಳಗೂ ವೈರ್‌ಗಾರ್ಡೇ ಇರೋದು, ಐದೇ ನಿಮಿಷದ ಕೆಲ್ಸ. ಅಕೌಂಟ್ ಮಾಡಿದ್ರೆ ಅವರ ಸರ್ವರೇ ಎರಡೂ ಕಡೆನ ಸೇರ್ಸುತ್ತೆ, ಪೋರ್ಟ್ ಫಾರ್ವರ್ಡ್ ಬೇಡ. ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ಅಡ್ರೆಸ್ 100.64ರಿಂದ 100.127ರ ಒಳಗಿದ್ರೆ ನಿಮ್ಮದು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಹೊರ ಅಡ್ರೆಸ್ಸನ್ನ ಹಲವು ಮನೆಗೆ ಹಂಚಿರೋದು), ಐಪಿವಿ4ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜ್ನ ಇಲ್ಲ, ಕಣ್ಮುಚ್ಕೊಂಡು ಇದನ್ನೇ ಹಾಕಿ. ನನಗೆ ಪಬ್ಲಿಕ್ ಐಪಿ ಇದೆ, ಮನೆ ಬಾಗಿಲು ತೆಗೆಯೋಕೆ ಇನ್ನೊಬ್ಬರ ಸರ್ವರಲ್ಲಿ ಅಕೌಂಟ್ ಯಾಕೆ ಅನ್ನೋ ಜಾಯಮಾನ ಬೇರೆ, ಅದಕ್ಕೆ ಬಿಟ್ಟೆ.

ಯಾವುದೇ ಹಾಕಿ, ಮನೆ ನೆಟ್‌ವರ್ಕನ್ನ 192.168.1 ಅನ್ನೋ ಅಡ್ರೆಸ್ ಸಾಲಲ್ಲೇ (ಎಷ್ಟೋ ರೂಟರ್‌ಗಳಲ್ಲಿ ಮೊದ್ಲೇ ಇರೋದು) ಬಿಡ್ಬೇಡಿ, ಹೋದ ಕಡೆನೂ ಅದೇ ಇದ್ರೆ ಪ್ಯಾಕೆಟ್ಟು ಅಲ್ಲೇ ಸುತ್ತುತ್ತೆ. ಟೆಸ್ಟ್ ಮಾಡೋವಾಗ ಫೋನಿನ ವೈಫೈ ಆಫ್ ಮಾಡಿ. ನಾನು ಮೊದಲ್ನೇ ದಿನ ಸೋಫಾ ಮೇಲೆ ಕೂತು ಮನೆ ವೈಫೈಯಲ್ಲೇ ಟೆಸ್ಟ್ ಮಾಡಿ ಆಯ್ತು ಅಂತ ಬೀಗಿದ್ದೆ.