ಮನೆ ಖರ್ಚಿನ ಲೆಕ್ಕಕ್ಕೆ ಯಾವ ಆ್ಯಪ್? ಹಲವು ವರ್ಷ ಬಳಸಿದ ಮೇಲೆ

ತಾನಾಗಿಯೇ ಲೆಕ್ಕ ಹಿಡಿಯುವ ಆ್ಯಪ್‌ಗಳನ್ನು ಬಿಟ್ಟು, ಕೈಯಾರೆ ಬರೆದಿಡುವ ಗುಡ್‌ಬಜೆಟ್‌ಗೆ ನಾವು ಬಂದು ವರ್ಷಗಳೇ ಆದವು. ಬೆಂಗಳೂರಿನಲ್ಲಿ ಸಂಸಾರ ತೂಗಿಸುವವರಿಗೆ ಇದೇ ಒಗ್ಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಬಳಸುತ್ತಿದ್ದದ್ದು ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚು ವಿಂಗಡಿಸುವ ಆ್ಯಪ್. ಕಾರ್ಡ್ ಉಜ್ಜುತ್ತಿದ್ದ ಕಾಲಕ್ಕೆ ಅದು ಚೆನ್ನಾಗಿಯೇ ಇತ್ತು. ಈಗ ಹೂವು, ಸೊಪ್ಪು, ಆಟೋ, ದರ್ಶಿನಿಯ ಕಾಫಿ ಎಲ್ಲವೂ ಯುಪಿಐ. ಮೆಸೇಜಿನಲ್ಲಿ ಬರುವುದು ದುಡ್ಡು ಪಡೆದವರ ಹೆಸರು ಅಷ್ಟೆ. ಅವರು ಸೊಪ್ಪಿನವರೋ ಆಟೋದವರೋ ಆ್ಯಪ್‌ಗೆ ಹೇಗೆ ತಿಳಿಯಬೇಕು? ತಿಂಗಳ ಕೊನೆಗೆ ನೋಡಿದರೆ ಅರ್ಧಕ್ಕರ್ಧ ಖರ್ಚು ‘ಇತರೆ’ಯಲ್ಲಿ ಬಿದ್ದಿರುತ್ತಿತ್ತು. ಸಾಲದ್ದಕ್ಕೆ, ಸಣ್ಣ ಮೊತ್ತದ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸುವುದನ್ನೇ ಕೆಲವು ಬ್ಯಾಂಕುಗಳು ನಿಲ್ಲಿಸಿವೆ. ಐಫೋನಿನಲ್ಲಂತೂ ಇಂಥ ಆ್ಯಪ್‌ಗಳಿಗೆ ಮೆಸೇಜ್ ಓದಲು ಅವಕಾಶವೇ ಇಲ್ಲ.

ಅಕೌಂಟ್ ಅಗ್ರಿಗೇಟರ್, ಅಂದರೆ ನಮ್ಮ ಒಪ್ಪಿಗೆ ಪಡೆದು ಬ್ಯಾಂಕಿನಿಂದ ಖಾತೆಯ ಮಾಹಿತಿ ತಂದುಕೊಡುವ ಮಧ್ಯವರ್ತಿ, ಇದರ ಮೂಲಕ ನಡೆಯುವ ಆ್ಯಪ್‌ಗಳು ಎಸ್‌ಎಂಎಸ್ ಓದುವವಕ್ಕಿಂತ ಎಷ್ಟೋ ಮೇಲು. ಆರ್‌ಬಿಐ 2016ರಲ್ಲಿ ನಿಯಮ ತಂದ ಈ ವ್ಯವಸ್ಥೆ 2021ರ ಸೆಪ್ಟೆಂಬರಿನಲ್ಲಿ ಚಾಲನೆಗೆ ಬಂತು. ಪಾಸ್‌ವರ್ಡ್ ಕೊಡಬೇಕಿಲ್ಲ. ಯಾವ ಖಾತೆ, ಎಷ್ಟು ಕಾಲ ಎಂದು ನಾವು ಒಪ್ಪಿದಷ್ಟೇ ಮಾಹಿತಿ ಹೋಗುತ್ತದೆ, ಬೇಡವೆನಿಸಿದರೆ ಒಪ್ಪಿಗೆ ಹಿಂಪಡೆಯಬಹುದು. ನಾಲ್ಕಾರು ಕಡೆ ಖಾತೆ, ಎಫ್‌ಡಿ ಇರುವವರು ಖಂಡಿತ ಇಟ್ಟುಕೊಳ್ಳಿ. ಆದರೆ ಯುಪಿಐ ಲೈಟ್‌ನಲ್ಲಿ (ಮೊದಲೇ ದುಡ್ಡು ತುಂಬಿಟ್ಟು ಪಿನ್ ಇಲ್ಲದೆ ಸಣ್ಣ ಮೊತ್ತ ಕೊಡುವ ಸೌಲಭ್ಯ) ಕೊಟ್ಟ ಚಿಲ್ಲರೆ ಖರ್ಚು ಬ್ಯಾಂಕ್ ಸ್ಟೇಟ್‌ಮೆಂಟಿಗೇ ಬರುವುದಿಲ್ಲ. ಲೈಟ್‌ಗೆ ದುಡ್ಡು ತುಂಬಿದ್ದು ಮಾತ್ರ ಕಾಣುತ್ತದೆ. ಅದು ಇಡ್ಲಿಗೆ ಹೋಯಿತೋ ಬಸ್ಸಿಗೋ, ನಾವೇ ಬರೆದುಕೊಳ್ಳಬೇಕು.

ಗುಡ್‌ಬಜೆಟ್‌ನಲ್ಲಿ ಸಂಬಳ ಬಂದ ದಿನವೇ ದುಡ್ಡನ್ನು ‘ಲಕೋಟೆ’ಗಳಿಗೆ, ಅಂದರೆ ಆ್ಯಪ್‌ನಲ್ಲಿ ಒಂದೊಂದು ಖರ್ಚಿಗೆ ಮಾಡಿಟ್ಟ ಖಾನೆಗಳಿಗೆ, ಲೆಕ್ಕದಲ್ಲಿ ಹಂಚುತ್ತೇವೆ: ಬಾಡಿಗೆ, ದಿನಸಿ, ಹಾಲು-ತರಕಾರಿ, ಸ್ಕೂಲ್ ಫೀಸು. ನನಗೆ ತುಂಬಾ ಉಪಕಾರವಾದದ್ದು ನೀರಿನ ಟ್ಯಾಂಕರಿನ ಲಕೋಟೆ. ಮಳೆಗಾಲದಲ್ಲಿ ಅದಕ್ಕೆ ಖರ್ಚೇ ಇರುವುದಿಲ್ಲ, ಆದರೂ ತಿಂಗಳು ತಿಂಗಳು ಸ್ವಲ್ಪ ಹಾಕುತ್ತಾ ಹೋಗುತ್ತೇವೆ. ಮಾರ್ಚಿನಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ದರ ಏರಿದಾಗ ದಿನಸಿಯ ದುಡ್ಡಿಗೆ ಕೈ ಹಾಕುವ ಪ್ರಮೇಯ ಬರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೂ ಹಾಗೆಯೇ. ಲೆಕ್ಕ ನಮ್ಮನೆಯವರ ಫೋನಿನಲ್ಲೂ ಕಾಣುವುದರಿಂದ, ಅವರು ಮಾರ್ಕೆಟ್ಟಿನಲ್ಲಿ ನಿಂತೇ ತರಕಾರಿಗೆ ಎಷ್ಟು ಉಳಿದಿದೆ ನೋಡಿಕೊಳ್ಳುತ್ತಾರೆ.

ಇದೇ ಪದ್ಧತಿಯ ಇನ್ನೊಂದು ಆ್ಯಪ್ ವೈನ್ಯಾಬ್ (YNAB) ನೋಡಲು ಇನ್ನೂ ಸೊಗಸು. ಆದರೆ ವರ್ಷಕ್ಕೆ 109 ಡಾಲರ್ ಕೊಟ್ಟರೂ ನಮ್ಮ ಬ್ಯಾಂಕುಗಳಿಗೆ ಜೋಡಣೆಯಾಗದು, ಅದರಲ್ಲೂ ಕೈಯಲ್ಲೇ ಬರೆಯಬೇಕು. ನನಗೆ ಬೇಡವೆನಿಸಿತು.

ಯಾವುದನ್ನೇ ಆರಿಸಿ, ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಲೆಕ್ಕ ಇಳಿಸಿಕೊಳ್ಳಲು ಬರುತ್ತದಾ ಅಂತ ಮೊದಲೇ ನೋಡಿ. ಆ್ಯಪ್ ಯಾವಾಗ ನಿಲ್ಲುತ್ತದೋ ಹೇಳಲಾಗದು; ಅಮೆರಿಕದಲ್ಲಿ ಮನೆಮಾತಾಗಿದ್ದ ಖರ್ಚಿನ ಲೆಕ್ಕದ ಆ್ಯಪ್ ಮಿಂಟ್ ಕೂಡ 2024ರ ಮಾರ್ಚಿನಲ್ಲಿ ಮುಚ್ಚಿತು. ಗುಡ್‌ಬಜೆಟ್‌ನ ಉಚಿತ ಆವೃತ್ತಿಯಲ್ಲಿ ಹಳೆಯ ಲೆಕ್ಕ ಒಂದು ವರ್ಷದ್ದಷ್ಟೇ ಸಿಗುತ್ತದೆ, ಲಕೋಟೆಗಳಿಗೂ ಮಿತಿಯಿದೆ. ಹಾಗಾಗಿ ಆಗಾಗ ವೆಬ್‌ಸೈಟಿನಿಂದ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಇಡುತ್ತೇನೆ.