ನಾಲ್ಕು ವರ್ಷದಲ್ಲಿ ಹತ್ತು ಮೀಟರ್: ಇಲ್ಫೋರ್ಡ್ ಮಲ್ಟಿಗ್ರೇಡ್ ಎಫ್‌ಬಿ ಕ್ಲಾಸಿಕ್ ರೋಲ್ ಪೇಪರ್

ಮೂವರು ಗೆಳೆಯರು ಸೇರಿ, ಕತ್ತಲೆ ಕೋಣೆಯಲ್ಲಿ ಕಪ್ಪು-ಬಿಳುಪು ಫೋಟೋ ಪ್ರಿಂಟ್ ಮಾಡುವ ಈ ಪೇಪರಿನ ಒಂದು ರೋಲ್ ತರಿಸಿದ್ದೆವು. ಅಗಲ 42 ಇಂಚು, ಉದ್ದ 30 ಮೀಟರ್. ಕೆಂಪು ದೀಪದಲ್ಲಿ ಒಂದು ಕೊಳವೆಯಿಂದ ಇನ್ನೊಂದಕ್ಕೆ ಸುತ್ತುತ್ತಾ, ಅಳೆದು ಕತ್ತರಿಸಿ ಪಾಲು ಮಾಡಿಕೊಂಡೆವು. ಆಸ್ತಿ ಪಾಲು ಮಾಡುವಾಗಲೂ ಅಷ್ಟು ಜಾಗ್ರತೆ ಇರುವುದಿಲ್ಲವೇನೋ. ನನಗೆ ಬಂದದ್ದು ಹತ್ತು ಮೀಟರ್. ಕೊನೆಯ ತುಂಡು ಹೋದ ತಿಂಗಳು ಮುಗಿಯಿತು. ನಾಲ್ಕು ವರ್ಷ ಹಳೆಯದಾದರೂ ಅದರಲ್ಲೂ ಬಿಳಿ ಬಿಳಿಯಾಗೇ ಬಂತು.

ಪೇಪರ್ ಬಗ್ಗೆ ದೂರಿಲ್ಲ. ಹಿಂದೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಬ್ರಾಂಡಿನ ಬ್ರೋಮೈಡ್ ಪೇಪರ್ ಬಳಸಿದವರಿಗೆ ಗ್ರೇಡ್‌ಗಳ (ಕಪ್ಪು-ಬಿಳಿಯ ಅಂತರ ಎಷ್ಟು ಎಂಬ ಅಳತೆ) ಕಾಟ ನೆನಪಿರಬಹುದು. ಸಾಫ್ಟ್‌ಗೊಂದು ಪೊಟ್ಟಣ, ಹಾರ್ಡ್‌ಗೊಂದು ಪೊಟ್ಟಣ. ರೋಲ್‌ನಲ್ಲಿ ಹಾಗೆ ಮೂರು ಮೂರು ಕೊಳ್ಳುವುದಕ್ಕಾಗುತ್ತದಾ? ಇದರಲ್ಲಿ ಫಿಲ್ಟರ್ ಬದಲಿಸಿದರೆ ಸಾಕು. ನನ್ನ ಮೇಲುಕೋಟೆ ಕಲ್ಯಾಣಿಯ ಚಿತ್ರದಲ್ಲಿ ಆಕಾಶಕ್ಕೆ ಒಂದೂವರೆ ನಂಬರಿನ ಫಿಲ್ಟರ್, ಮೆಟ್ಟಿಲುಗಳಿಗೆ ನಾಲ್ಕು. ಒಂದೇ ಹಾಳೆಯಲ್ಲಿ ಎರಡೂ ಆಯಿತು.

ಕಷ್ಟ ಕೊಟ್ಟಿದ್ದು ನಮ್ಮ ಮನೆ. ಯಾಷಿಕಾ ಕ್ಯಾಮೆರಾದಲ್ಲಿ ತೆಗೆದ 6×6 ಸೆಂ.ಮೀ. ನೆಗೆಟಿವ್, ಎನ್‌ಲಾರ್ಜರಿನಲ್ಲಿ (ನೆಗೆಟಿವ್ ಚಿತ್ರವನ್ನು ದೊಡ್ಡದಾಗಿ ಪೇಪರಿನ ಮೇಲೆ ಬಿಡುವ ಯಂತ್ರ) 80 ಎಂಎಂ ಲೆನ್ಸ್. 40 ಇಂಚಿನ ಪ್ರಿಂಟ್ ಬೇಕೆಂದರೆ ಲೆನ್ಸ್‌ನಿಂದ ಪೇಪರಿಗೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ದೂರ ಬೇಕು. ನನ್ನ ಎನ್‌ಲಾರ್ಜರಿನ ಕಂಬ ಅಷ್ಟೆತ್ತರ ಇಲ್ಲ. ಹಾಗಾಗಿ ಅದರ ತಲೆಯನ್ನು ಅಡ್ಡಕ್ಕೆ ತಿರುಗಿಸಿ ಎದುರಿನ ಗೋಡೆಗೆ ಬೆಳಕು ಬಿಡುತ್ತೇನೆ. ಗೋಡೆಗೆ ಕಬ್ಬಿಣದ ತಗಡು ಹೊಡೆದಿದ್ದೇನೆ, ಪೇಪರ್ ಹಿಡಿಯಲು ಮ್ಯಾಗ್ನೆಟ್. ಗೋಡೆ ನೆಟ್ಟಗಿಲ್ಲ ಅಂತ ಗೊತ್ತಾಗಿದ್ದೂ ಆಗಲೇ. ಎಡಗಡೆಯ ಮೆಟ್ಟಿಲುಗಳು ಕತ್ತಿಯ ಅಲುಗಿನಂತೆ ಚೂಪು, ಬಲಗಡೆಯವು ಮಂಜು ಮಂಜು. ತಗಡಿನ ಹಿಂದೆ ರಟ್ಟು ತುರುಕಿ ಸರಿಮಾಡಲು ಎರಡು ಭಾನುವಾರ ಹೋಯಿತು.

ಬೆಳಕಿನ ಲೆಕ್ಕ ಕೇಳಿ. 20 ಇಂಚಿಗೆ 20 ಸೆಕೆಂಡು ಕೊಟ್ಟಿದ್ದರೆ, 40 ಇಂಚಿಗೆ ಅದೇ ಅಪರ್ಚರ್‌ನಲ್ಲಿ (ಲೆನ್ಸ್ ತೆರೆದಿರುವ ಅಳತೆ) 72 ಸೆಕೆಂಡು ಬೇಕು. ಅಷ್ಟು ಹೊತ್ತು ಏನೂ ಅಲುಗಬಾರದು. ನಮ್ಮದು ಬಸ್ಸು ಓಡಾಡುವ ರಸ್ತೆ, ಹಾಗಾಗಿ ರಾತ್ರಿ ಹನ್ನೊಂದರ ಮೇಲೇ ಕೆಲಸ. ಲೆನ್ಸ್ ಪೂರ್ತಿ ತೆರೆದು ಹೊತ್ತು ಉಳಿಸಲು ಹೋಗಬೇಡಿ, ಮೂಲೆಗಳು ಹಾಳಾಗುತ್ತವೆ. ನಾನು ಎಫ್ 8ರಲ್ಲೇ ಇರುತ್ತೇನೆ. ನೆಗೆಟಿವ್ ಹಿಡಿಯಲು ಗಾಜಿನ ಚೌಕಟ್ಟು (ಕ್ಯಾರಿಯರ್) ಹಾಕಿ. ಇಲ್ಲದಿದ್ದರೆ ಬಿಸಿಗೆ ಫಿಲ್ಮ್ ಉಬ್ಬಿ ಫೋಕಸ್ ಹೋಗುತ್ತದೆ.

ಅಷ್ಟು ದೊಡ್ಡ ಟ್ರೇ ಎಲ್ಲಿಂದ ತರುವುದು? ಆರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ, ತುದಿಗಳನ್ನು ಮುಚ್ಚಿ ಮೂರು ದೋಣಿ ಮಾಡಿಕೊಂಡೆ. ಒಂದೊಂದಕ್ಕೂ ಐದು ಲೀಟರ್ ಸಾಕು. ಪೇಪರನ್ನು ಮೊದಲು ನೀರಿನಲ್ಲಿ ನೆನೆಸಿ, ಆಮೇಲೆ ಚಿತ್ರ ಮೂಡಿಸುವ ಡೆವಲಪರ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ಸುರುಳಿ ಸುತ್ತುತ್ತಾ ಇರಬೇಕು. ಒಂದು ಪಾಲು ಡೆವಲಪರ್‌ಗೆ ಒಂಬತ್ತರ ಬದಲು ಹದಿನಾಲ್ಕು ಪಾಲು ನೀರು ಹಾಕಿಕೊಂಡರೆ ಮೂರು ನಿಮಿಷ ಸಿಗುತ್ತದೆ, ಕೈಗೆ ಅವಸರ ಇರುವುದಿಲ್ಲ.

ಮೊದಲ ಎರಡು ಹಾಳೆ ಒಬ್ಬನೇ ಮಾಡಿ ಕೆಡಿಸಿದೆ. ಒದ್ದೆ ಪೇಪರ್ ಕೈಯಲ್ಲಿ ಮುದುಡಿ, ಮೈತುಂಬಾ ಉಗುರಿನಾಕಾರದ ಮಡಿಕೆ. ಅದು ಒಣಗಿದ ಮೇಲೂ ಹೋಗುವುದಿಲ್ಲ. ಮೂರನೆಯದಕ್ಕೆ ಅಕ್ಕ ಬಂದಳು. ಫೋಟೋಗ್ರಫಿ ಬಗ್ಗೆ ಅವಳಿಗೆ ಏನೂ ಗೊತ್ತಿಲ್ಲ. ನಾನು ಪೇಪರ್ ಎಳೆದು ಬಿಗಿ ಹಿಡಿದದ್ದು ನೋಡಿ, "ಲೋ, ಎಳೀಬೇಡ್ವೋ. ಒದ್ದೆ ಸೀರೆ ಒಣಗಹಾಕೋ ಹಾಗೆ ಹಿಡಿ, ಮಧ್ಯ ಜೋಲು ಬಿಡು" ಅಂದಳು. ಅವಳು ಎರಡು ತುದಿ, ನಾನು ಎರಡು ತುದಿ. ಅಲ್ಲಿಂದ ಮುಂದೆ ಒಂದು ಹಾಳೆಯೂ ಮುದುಡಲಿಲ್ಲ. ಜೊತೆಗೆ ಇನ್ನೊಂದು ಜೊತೆ ಕೈ ಇಲ್ಲದವರು ಈ ರೋಲ್ ಕೊಳ್ಳಬೇಡಿ. 20×24 ಇಂಚಿನ ಹಾಳೆಯಲ್ಲೇ ಇರಿ, ಅದೇನೂ ಚಿಕ್ಕದಲ್ಲ.

ಇನ್ನು ನೀರು. ಎಫ್‌ಬಿ ಎಂದರೆ ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರ್, ಅದು ಚಿತ್ರ ಅಳಿಯದಂತೆ ನಿಲ್ಲಿಸುವ ಫಿಕ್ಸರನ್ನು ಹೀರಿಕೊಂಡು ಕೂರುತ್ತದೆ, ಬರೀ ನೀರಲ್ಲಿ ತೊಳೆದರೆ ಒಂದು ಗಂಟೆ ಬೇಕು. ಐದು ನಿಮಿಷ ನೀರು, ಹತ್ತು ನಿಮಿಷ ವಾಶ್‌ಏಡ್ (ಫಿಕ್ಸರ್ ಬೇಗ ಬಿಡಿಸುವ ದ್ರಾವಣ), ಮತ್ತೆ ಐದು ನಿಮಿಷ ನೀರು ಅಂತ ಮಾಡಿದರೆ ತುಂಬಾ ಉಳಿಯುತ್ತದೆ. ಆದರೂ ಬೇಸಿಗೆಯಲ್ಲಿ ನಾನು ಪ್ರಿಂಟ್ ಮಾಡುವುದಿಲ್ಲ. ಮೈಸೂರಲ್ಲಿ ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಸ್ನಾನಕ್ಕೇ ಬಿಸಿ, ಡೆವಲಪರ್‌ಗೆ ಬೇಕಾದ 20 ಡಿಗ್ರಿ ಎಲ್ಲಿ ಬರಬೇಕು? ಡಿಸೆಂಬರ್, ಜನವರಿ ಒಳ್ಳೆಯದು.

ಒಣಗಿಸುವಾಗ ಸುಮ್ನೆ ಬಿಟ್ಟರೆ ಹಪ್ಪಳದ ಹಾಗೆ ಸುತ್ತಿಕೊಳ್ಳುತ್ತದೆ. ದೊಡ್ಡ ಗಾಜಿನ ಮೇಲೆ ಚಿತ್ರ ಮೇಲಾಗಿ ಹರಡಿ, ನಾಲ್ಕೂ ಅಂಚಿಗೆ ಗಮ್ ಟೇಪ್ ಹಚ್ಚಿ. ಒಣಗುತ್ತಾ ಡೋಲಿನ ಚರ್ಮದಂತೆ ಬಿಗಿಯುತ್ತದೆ. ಒಣಗಿದ ಮೇಲೆ ಸ್ವಲ್ಪ ಕಪ್ಪಾಗುವುದೂ ಇದೆ, ಒದ್ದೆಯಲ್ಲಿ ಚೆನ್ನಾಗಿದೆ ಅನಿಸಿದರೆ ಇನ್ನೂ ಸ್ವಲ್ಪ ತಿಳಿ ಮಾಡಿ.

ಹತ್ತು ಮೀಟರಿನಲ್ಲಿ ಟೆಸ್ಟ್ ಪಟ್ಟಿಗಳು ಹೋಗಿ ಏಳು ಹಾಳೆ ಸಿಕ್ಕವು. ಗೋಡೆಗೆ ಹಾಕುವಂಥದ್ದು ಮೂರು. ಕಲ್ಯಾಣಿಯದ್ದು ಈಗ ಅಕ್ಕನ ಮನೆಯಲ್ಲಿದೆ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಖಾಲಿ ಗೋಡೆ ಇರುವುದು ಒಂದೇ, ಅದಕ್ಕೆ ತಗಡು ಹೊಡೆದಾಗಿದೆ.